ನಲ್ಲಿ ಮೇಲೆ ಆಸಿಡ್ ಸುರಿಯಬೇಡಿ

ಮೈಸೂರಿನ ಬೋಗಾದಿ ಕಡೆ ನಮ್ಮ ಬಡಾವಣೆಯಲ್ಲಿ ಬೋರ್‌ವೆಲ್ ನೀರೇ ಜಾಸ್ತಿ. ಆ ನೀರು ಬಚ್ಚಲುಮನೆಗೆ ಕೊಡುವ ಕಾಟ ಅಷ್ಟಿಷ್ಟಲ್ಲ. ನಲ್ಲಿ ಉಜ್ಜಿ ವಾರ ಕಳೆಯುವಷ್ಟರಲ್ಲಿ ಮತ್ತೆ ಬಿಳಿ ಕರೆ. ಶವರ್‌ನ ಅರ್ಧ ತೂತು ಮುಚ್ಚಿಹೋಗಿ, ನೀರು ತಲೆ ಮೇಲೆ ಬೀಳುವ ಬದಲು ಗೋಡೆಗೆ ಚಿಮ್ಮುತ್ತದೆ.

ಅದಕ್ಕಿಂತ ಸಿಟ್ಟು ಬರುವುದು ಆಸಿಡ್ ಬಾಟಲಿ ನೋಡಿದಾಗ. ಕ್ಲೀನ್ ಮಾಡಲು ಬರುವವರೂ ಅದೇ, ಪಕ್ಕದ ಮನೆ ಆಂಟಿಯೂ ಅದೇ: "ಸ್ವಲ್ಪ ಆಸಿಡ್ ಹಾಕಿ, ಫಳಫಳ ಅನ್ನುತ್ತೆ." ಮೊದಲ ಸಲ ಅನ್ನುತ್ತದೆ, ನಿಜ. ಆಮೇಲೆ ಕ್ರೋಮ್ ಲೇಪ ಎದ್ದು, ಅಲ್ಲಲ್ಲಿ ಒಳಗಿನ ಹಿತ್ತಾಳೆ ಕಾಣಿಸುತ್ತದೆ. ಆ ಹೊಳಪು ಮತ್ತೆ ಬರುವುದಿಲ್ಲ. ಇದರ ಜೊತೆ ಬ್ಲೀಚಿಂಗ್ ಪೌಡರ್ ಬೇರೆ ಹಾಕಿ ಉಜ್ಜುವವರಿದ್ದಾರೆ! ಎರಡೂ ಸೇರಿದರೆ ಕ್ಲೋರಿನ್ ವಿಷಗಾಳಿ ಏಳುತ್ತದೆ. ಕಿಟಕಿಯೇ ಇಲ್ಲದ ಪುಟ್ಟ ಬಚ್ಚಲಲ್ಲಿ ಯಾರಿಗಾದರೂ ಉಸಿರು ಕಟ್ಟಿದರೆ ಏನು ಗತಿ?

ಆ ಕರೆ ಬೇರೇನಲ್ಲ, ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಒಣಗಿ ಕಟ್ಟಿದ್ದು. ಅದಕ್ಕೆ ನೀರು ಬೆರೆಸಿದ ವಿನೆಗರ್ ಸಾಕು. ಬಟ್ಟೆ ಅದ್ದಿ ನಲ್ಲಿಗೆ ಸ್ವಲ್ಪ ಹೊತ್ತು ಸುತ್ತಿಡಿ. ಶವರ್ ಬಿಚ್ಚಿ ನೆನೆಹಾಕಿ, ಹಳೇ ಟೂತ್‌ಬ್ರಷ್‌ನಿಂದ ತಿಕ್ಕಿ, ಚೆನ್ನಾಗಿ ತೊಳೆಯಿರಿ. ಮನೆಯಲ್ಲಿ ಹಿಂಡಿ ಬಿಟ್ಟ ನಿಂಬೆಹೋಳಿದ್ದರೆ ಅದೂ ಆಗುತ್ತೆ. ಸ್ನಾನ ಆದಮೇಲೆ ಒಣಬಟ್ಟೆಯಲ್ಲಿ ಒರೆಸಿಬಿಟ್ಟರೆ ಕರೆ ಕಟ್ಟುವುದೇ ಕಮ್ಮಿ.

ಗೀಸರ್ ಕಾಯಿಲ್‌ಗೂ ಇದೇ ಕರೆ ಹತ್ತುತ್ತದೆ, ನೀರು ಕಾಯುವುದು ತಡವಾಗುತ್ತದೆ. ಅದನ್ನು ಮಾತ್ರ ಸುಮ್ನೆ ನೀವೇ ಬಿಚ್ಚಲು ಹೋಗಬೇಡಿ, ಕೆಲಸ ಗೊತ್ತಿರುವವರನ್ನು ಕರೆಸಿ.