ತುಂಡು ಜೋಡಿಸಿ ಅಕ್ಷರ ಕಟ್ಟುವವರಿಗೆ

ಚೌಕ, ವೃತ್ತ, ಕಾಲು ವೃತ್ತ. ಇಷ್ಟನ್ನೇ ಇಟ್ಟುಕೊಂಡು ಕನ್ನಡ ಫಾಂಟ್ ಮಾಡ್ತೀನಿ ಅಂತ ಹೊರಡುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಡಿಸೈನ್ ಓದುವ ಹುಡುಗ ಹುಡುಗಿಯರು ಇನ್‌ಸ್ಟಾಗ್ರಾಂನಲ್ಲಿ ಹಾಕುವ ಇಂಥ ಕೆಲಸ ಕಂಡರೆ ನಾನು ನಿಂತು ನೋಡುತ್ತೇನೆ. ಚಂದ ಇರುತ್ತವೆ. 'ಅ' ಚಂದ, 'ಕ' ಚಂದ, ಬಣ್ಣವಂತೂ ಇನ್ನೂ ಚಂದ. 'ಷ್ಟ್ರ' ಬರುವ ಹೊತ್ತಿಗೆ ಮಾತ್ರ ಎಲ್ಲರೂ ಸುಸ್ತು. ಹೆಚ್ಚಿನವರು ಆ ಅಕ್ಷರ ತೋರಿಸುವುದೇ ಇಲ್ಲ. ಕೈ ಸರಿಯಾಗಿಯೇ ಇದೆ, ತುಂಡು ಕತ್ತರಿಸುವ ಜಾಗ ತಪ್ಪಿದೆ ಅನ್ನುವುದು ನನ್ನ ತಕರಾರು.

ಈ ಆಟದ ದೊಡ್ಡಪ್ಪ ಅಂದರೆ ಜರ್ಮನಿಯ ಬೌಹೌಸ್ ಎಂಬ ಡಿಸೈನ್ ಶಾಲೆಯ ಯೋಸೆಫ್ ಆಲ್ಬರ್ಸ್. 1920ರ ದಶಕದ ನಡುವಿನಲ್ಲಿ ಕೊರೆಯಚ್ಚಿನ (ಸ್ಟೆನ್ಸಿಲ್) ಅಕ್ಷರಗಳಿಂದ ಶುರುಮಾಡಿ, ಮುಂದೆ 'ಕೊಂಬಿನಾಟ್ಸಿಯೋನ್ಸ್‌ಶ್ರಿಫ್ಟ್' ಎಂಬ ಜೋಡಣೆ ಲಿಪಿ ಮಾಡಿದ. ಮೂಲ ಆಕಾರ ಮೂರೇ: ಚೌಕ, ಕಾಲು ವೃತ್ತ, ಪೂರ್ಣ ವೃತ್ತ. ಅವುಗಳನ್ನು ಕೂಡಿಸಿ ಹತ್ತು ತುಂಡು, ಆ ಹತ್ತರಲ್ಲೇ ಎಲ್ಲ ಅಕ್ಷರ, ಎಲ್ಲ ಅಂಕಿ. ನಾಮಫಲಕಗಳಿಗೆಂದು ಗಾಜಿನಲ್ಲೂ ಮಾಡಿಸಿದ್ದ. ಮುದ್ರಕನ ಖಾನೆಯಲ್ಲಿ ನೂರಾರು ಅಚ್ಚಿನ ಮೊಳೆಗಳ ಬದಲು ಹತ್ತೇ ಇದ್ದರೆ ಸಾಕು ಎಂಬ ಜಿಪುಣ ಲೆಕ್ಕ ಅದರ ಹಿಂದೆ ಇತ್ತು. ನನಗೆ ಆ ಜಿಪುಣತನ ಇಷ್ಟ. ಆಮೇಲೆ ಬಂದ ಎಷ್ಟೋ ಮಂದಿ ಅವನ ನೋಟವನ್ನು ತೆಗೆದುಕೊಂಡರು, ಲೆಕ್ಕವನ್ನು ಬಿಟ್ಟರು.

ಲೆಕ್ಕಕ್ಕೆ ಬಂದರೆ ನಮ್ಮದೇ ಭಾರಿ. ಇಂಗ್ಲಿಷಿಗೆ 26 ಅಕ್ಷರ, ದೊಡ್ಡದು ಸಣ್ಣದು ಸೇರಿದರೆ 52. ನಮಗೆ 34 ವ್ಯಂಜನ. ಅಂ ಅಃ ಬಿಟ್ಟು ಕಾಗುಣಿತದ 13 ರೂಪ ಹಿಡಿದರೂ 442. ಒಂದೊಂದಕ್ಕೂ ಒಂದೊಂದು ಒತ್ತು ಅಂತ ಹಾಕುತ್ತಾ ಹೋದರೆ ಕಾಗದದ ಮೇಲೆ 15,028. ಅಷ್ಟೂ ಬಳಕೆಯಲ್ಲಿಲ್ಲ, ನಿಜ. ಆದರೂ ತುಂಡು ಜೋಡಿಸುವ ಅಗತ್ಯ ಆಲ್ಬರ್ಸನಿಗಿಂತ ನಮಗೇ ಹೆಚ್ಚು.

ಮತ್ತೆ, ಇದನ್ನು ನಾವು ಮಾಡಿಯೇ ಇಲ್ಲ ಅಂತಲ್ಲ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಜೀವಂತ ಇದೆ. ಅದರಲ್ಲಿ ಟೈಪ್ ಮಾಡಿದ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದು ನೋಡಿ. 'ಕನ್ನಡ' ಅಂತ ಇದ್ದ ಕಡೆ ಇಂಗ್ಲಿಷಿನ ದೊಡ್ಡ ಪಿ, ತಲೆ ಮೇಲೆ ಗೀರಿರುವ ಎ, ಪೌಂಡಿನ ಗುರುತು, ಪುನಃ ಅದೇ ಎ, ಜರ್ಮನ್ನರ ಒಂದು ಎಸ್, ಸಣ್ಣ ಕ್ಯೂ, ಪುನಃ ಅದೇ ಎ. ಎಲ್ಲರೂ ಬೈದುಕೊಂಡು ಮುಚ್ಚುವ ಕಸ ಇದು. ನನಗೆ ಇದು ಪಾಠ. ಮೂರು ಸಲ ಬಂದ ಆ ಎ ಇದೆಯಲ್ಲ, ಅದೇ ತಲಕಟ್ಟು! ಪಿ ಅಂದರೆ ತಲಕಟ್ಟಿಲ್ಲದ ಬೋಳು ಕ. ಜರ್ಮನ್ ಎಸ್ ಅಂದರೆ ನ ಒತ್ತು. ತಲಕಟ್ಟು ತೆಗೆದು ಏತ್ವ ಹಾಕಿದರೆ ಕೆ. ಆದರೆ 'ಕಿ' ಮಾತ್ರ ಹೀಗೆ ಜೋಡಣೆಯಾಗುವುದಿಲ್ಲ, ಅದಕ್ಕೆ ಅಖಂಡವಾದ ಬೇರೆ ಅಚ್ಚು. ಗುಡಿಸು ಅಕ್ಷರದ ಮೈಗೇ ಬೆಸೆದುಕೊಳ್ಳುತ್ತದೆ, ಅಲ್ಲಿ ಕತ್ತರಿ ಹಾಕಿದರೆ ಗಾಯ ಕಾಣುತ್ತದೆ. ಎಂಟು ಬಿಟ್ಟಿನ 256 ಮನೆಗಳೊಳಗೆ ಇಡೀ ಕನ್ನಡವನ್ನು ಕೂರಿಸಬೇಕಾದ ಒತ್ತಡದಲ್ಲಿ, ಎಲ್ಲಿ ಕತ್ತರಿಸಬಹುದು ಎಲ್ಲಿ ಬಾರದು ಅನ್ನುವುದನ್ನು ಆ ಫಾಂಟ್ ಮಾಡಿದ ಜನ ಒಂದೊಂದೇ ಅಕ್ಷರ ನೋಡಿ ತೀರ್ಮಾನಿಸಿದ್ದಾರೆ. ಮಾಡ್ಯುಲರ್, ಅಂದರೆ ತುಂಡು ಜೋಡಿಸಿ ಮಾಡಿದ್ದು, ಅಂತ ಅದನ್ನು ಯಾರೂ ಕರೆಯಲಿಲ್ಲ, ಅಷ್ಟೇ.

ಹಾಗಾಗಿ ಕನ್ನಡದ ತುಂಡು ಅಂದರೆ ಕಾಲು ವೃತ್ತ ಅಲ್ಲ. ತಲಕಟ್ಟು ಒಂದು ತುಂಡು. ವ, ಪ, ಮ ಇವುಗಳ ಬಟ್ಟಲು ಒಂದು ತುಂಡು. ಕೊಂಬು, ಇಳಿ, ಮಹಾಪ್ರಾಣಕ್ಕೆ ಕೆಳಗೆ ಹಾಕುವ ಸೀಳು ಒಂದೊಂದು ತುಂಡು. ಇವನ್ನು ಬೇಕಿದ್ದರೆ ಕಾಲು ವೃತ್ತದಿಂದಲೇ ಮಾಡಿಕೊಳ್ಳಿ, ಬೇಡ ಅನ್ನುವವನು ನಾನಲ್ಲ. ಫಾಂಟ್ ಮಾಡುವ ಸಾಫ್ಟ್‌ವೇರ್ ಗ್ಲಿಫ್ಸ್ ಆಗಲಿ ಫಾಂಟ್‌ಫೋರ್ಜ್ ಆಗಲಿ, ಒಂದು ಭಾಗವನ್ನು ಒಮ್ಮೆ ಬರೆದಿಟ್ಟು ಬೇಕಾದ ಕಡೆಯೆಲ್ಲ ಕರೆಸಿಕೊಳ್ಳುವ ಸೌಲಭ್ಯ ಅದರಲ್ಲಿ ಇದ್ದೇ ಇದೆ. ತಲಕಟ್ಟು ಒಂದು ಕಡೆ ತಿದ್ದಿದರೆ ಎಲ್ಲ ಕಡೆ ತಿದ್ದಿತು. ಆದರೆ ಎಲ್ಲರ ತಲೆಗೂ ಅದನ್ನು ಏರಿಸಲು ಹೋಗಬೇಡಿ. ಖ, ಜ, ಟ, ಣ, ಬ, ಲ ಇವಕ್ಕೆ ತಲಕಟ್ಟೇ ಇಲ್ಲ. ಏಕರೂಪ ಬರಲಿ ಅಂತ 'ಬ'ಗೆ ತಲಕಟ್ಟು ತೊಡಿಸಿದ ಒಂದು ಪೋಸ್ಟರ್ ನೋಡಿದ್ದೆ. ಭಯವೋ ಬಯಕೆಯೋ ತಿಳಿಯಲಿಲ್ಲ.

ಕೊಂಬಿನ ಕಥೆ ಇನ್ನೂ ಸ್ವಾರಸ್ಯ. ಕು, ಗು, ತು ಎಲ್ಲದಕ್ಕೂ ಪಕ್ಕದಲ್ಲಿ ಅಂಟಿಸುತ್ತೀರಿ. ಅದೇ ಕೊಂಬನ್ನು ಅದೇ ಎತ್ತರದಲ್ಲಿ 'ವ'ಕ್ಕೆ ಅಂಟಿಸಿ ನೋಡಿ, ವು ಬರುವ ಬದಲು ಮ ಬಂದು ಕೂರುತ್ತದೆ. ಅದಕ್ಕೇ ಪು, ಫು, ವುಗಳಲ್ಲಿ ಕೊಂಬು ಕೆಳಗಿನಿಂದ ಹೊರಡುತ್ತದೆ. ಒಂದೇ ತುಂಡು ಎಲ್ಲ ಕಡೆ ಒಂದೇ ಥರ ಕೂರಬೇಕು ಎಂಬ ಹಟ ಇಲ್ಲಿ ಮುರಿದು ಬೀಳುತ್ತದೆ, ಬೀಳಲಿ.

ಒತ್ತಿನ ವಿಷಯಕ್ಕೆ ಬಂದರೆ, ಅಕ್ಷರವನ್ನು ಅರ್ಧಕ್ಕೆ ಕುಗ್ಗಿಸಿದರೆ ಗೆರೆಯ ದಪ್ಪವೂ ಅರ್ಧ ಆಗುತ್ತದೆ. ಮೇಲೆ ಪೈಲ್ವಾನ, ಕೆಳಗೆ ಕಡ್ಡಿ. ದಪ್ಪ ಉಳಿಸಿಕೊಂಡರೆ ಒಳಗಿನ ಬಿಳಿ ಜಾಗ ಮುಚ್ಚಿಹೋಗುತ್ತದೆ. ದಾರಿ ಇರುವುದು ಒಂದೇ: ಅದೇ ದಪ್ಪದ ತುಂಡುಗಳನ್ನು ಕಡಿಮೆ ಬಳಸಿ ಒತ್ತನ್ನು ಹೊಸದಾಗಿ ಕಟ್ಟುವುದು. ತ, ನ, ಮ, ಯ, ರ, ಲ ಇವುಗಳ ಒತ್ತು ಹೇಗೂ ಮೂಲ ಅಕ್ಷರದ ಹಾಗಿಲ್ಲ. ಲಿಪಿಯೇ ಅಷ್ಟು ಕೆಲಸ ಮಾಡಿಟ್ಟಿದೆ.

ಮಾದರಿ ಬೇಕು ಅನ್ನುವವರಿಗೆ ಬೌಹೌಸ್ ಬಿಟ್ಟು ಬಾರ್ಸಿಲೋನಾ ನೋಡಿ ಅನ್ನುತ್ತೇನೆ. 1942ರಲ್ಲಿ ಜೋನ್ ಟ್ರೊಚುಟ್ ಅಲ್ಲಿ 'ಸೂಪರ್ ವೆಲೋಜ್' ಎಂಬ ಜೋಡಣೆ ಅಚ್ಚು ಮಾಡಿದ. ಸ್ಪೇನಿನ ಅಂತರ್ಯುದ್ಧ ಮುಗಿದು ದೇಶ ಬಡವಾಗಿದ್ದ ಕಾಲ, ಚಿತ್ರಕಾರನಿಗೆ ಕೊಡಲು ಸಣ್ಣ ಪ್ರೆಸ್ಸಿನವನ ಬಳಿ ಕಾಸಿಲ್ಲ. ಅವನೇ ಸೀಸದ ತುಂಡು ಜೋಡಿಸಿ ಶೀರ್ಷಿಕೆ, ಲಾಂಛನ, ಅಲಂಕಾರ ಮಾಡಿಕೊಳ್ಳಲಿ ಅನ್ನುವ ಉದ್ದೇಶ. ಆ ತುಂಡುಗಳಲ್ಲಿ ಬರೀ ಚೌಕ ವೃತ್ತ ಇಲ್ಲ. ಗೆರೆ, ಬಾಗು, ಬಾಲ, ಕುಡಿ ಇವೆ. ಕೈಬರಹದ ಕೀಲು ಎಲ್ಲಿದೆಯೋ ಅಲ್ಲೇ ಕತ್ತರಿಸಿದ್ದಾನೆ. 2004ರಲ್ಲಿ ಫಾಂಟ್ ಡಿಸೈನರ್ ಆಂದ್ರೆವು ಬಾಲಿಯುಸ್ ಜೊತೆ ಸೇರಿ ಅದನ್ನು ಡಿಜಿಟಲ್ ಮಾಡಿದ ಅಲೆಕ್ಸ್ ಟ್ರೊಚುಟ್ ಅವನ ಮೊಮ್ಮಗನೇ.

ಓದಲು ಬಾರದ ಅಕ್ಷರಕ್ಕೂ ಜಾಗ ಇದೆ, ಇಲ್ಲ ಅನ್ನಲಾರೆ. ಡಚ್ ಡಿಸೈನರ್ ವಿಮ್ ಕ್ರೌವೆಲ್ 1967ರಲ್ಲಿ ಮಾಡಿದ 'ನ್ಯೂ ಆಲ್ಫಾಬೆಟ್'ನ ಎಷ್ಟೋ ಅಕ್ಷರ ಗುರುತೇ ಸಿಗುವುದಿಲ್ಲ. ಆದರೆ ಅದು ಆಗಿನ ಕಂಪ್ಯೂಟರ್ ಪರದೆಯ ಮಿತಿಯೊಳಗೆ ಏನು ಸಾಧ್ಯ ಎಂದು ನೋಡಿದ ಪ್ರಯೋಗ. ನಿಮ್ಮದೂ ಪ್ರಯೋಗವಾದರೆ ಹಾಗೆಂದು ಬರೆದು ಹಾಕಿ, ನಾನು ಲೈಕ್ ಒತ್ತಿ ಸುಮ್ಮನಾಗುತ್ತೇನೆ. ಫಾಂಟ್ ಅಂದಿರೋ, 'ದಶರಥ' ಬರೆದು ತೋರಿಸಿ. ದ, ಥ ಬೇರೆ ಕಾಣಬೇಕು. ಆಮೇಲೆ 'ಠರಾವು' ಬರೆಯಿರಿ: ಠದ ಹೊಟ್ಟೆಯ ಚುಕ್ಕಿ ಉಳಿಯಬೇಕು, ವು ಮ ಆಗಬಾರದು. ಕೊನೆಗೆ 'ರಾಷ್ಟ್ರಕೂಟ', 'ಲಕ್ಷ್ಮಿ'. ಇಷ್ಟು ಆದ ಮೇಲೆ 'ಅ' ಬರೆಯಲು ಕೂರಬಹುದು, ಅದು ಹೇಗೆ ಮಾಡಿದರೂ ಚಂದವೇ ಬರುತ್ತದೆ. ಯಾರಾದರೂ ಮಾಡಿದ್ದರೆ ಕಾಮೆಂಟಿನಲ್ಲಿ ಹಾಕಿ. ಷ್ಟ್ರ ಸಮೇತ.