ಹಿಂದಿನ ಕಾರಿಗೂ ಒಂದಿಷ್ಟು ಗಾಳಿ ಬಿಡಿ

2010ರ ಫಾರ್ಮುಲಾ ಒನ್ ಸೀಸನ್‌ನ ಕೊನೆಯದಾದ ಅಬುಧಾಬಿ ರೇಸ್ ನೋಡಿದವರಿಗೆ ಆ ಸಂಕಟ ಇನ್ನೂ ನೆನಪಿರುತ್ತದೆ. ಫರ್ನಾಂಡೊ ಅಲೊನ್ಸೊ ಆ ವರ್ಷದ ಚಾಂಪಿಯನ್ ಆಗಲು ನಾಲ್ಕನೇ ಸ್ಥಾನ ಸಾಕಿತ್ತು. ಟೈರ್ ಬದಲಿಸಿ ಟ್ರ್ಯಾಕಿಗೆ ಮರಳಿದವರು ವಿಟಾಲಿ ಪೆಟ್ರೋವ್ ಅವರ ರೆನೊ ಕಾರಿನ ಹಿಂದೆ ಸಿಕ್ಕಿಬಿದ್ದರು. ಒಂದೆರಡು ಸುತ್ತಲ್ಲ, ಸುಮಾರು 40 ಸುತ್ತು. ಕೊನೆಗೂ ದಾಟಲು ಆಗಲಿಲ್ಲ. ಏಳನೆಯವರಾಗಿ ಮುಗಿಸಿದರು, ಎದುರಾಳಿ ಸೆಬಾಸ್ಟಿಯನ್ ವೆಟ್ಟಲ್ 4 ಅಂಕಗಳ ಅಂತರದಲ್ಲಿ ಚಾಂಪಿಯನ್ ಆದರು.

ಅಲೊನ್ಸೊಗೆ ಓವರ್‌ಟೇಕ್ ಮಾಡಲು ಬರುವುದಿಲ್ಲ ಅಂತ ಯಾರಾದರೂ ಹೇಳುತ್ತಾರಾ? ರೆನೊ ನೇರ ರಸ್ತೆಯಲ್ಲಿ ಚೆನ್ನಾಗಿ ಓಡುತ್ತಿತ್ತು, ನಿಜ. ಆದರೆ ದೊಡ್ಡ ಅಡ್ಡಿ ಕಣ್ಣಿಗೆ ಕಾಣದ್ದು. ಅದು ಮುಂದಿನ ಕಾರು ಕಲಕಿ ಬಿಟ್ಟ ಗಾಳಿ.

ಫಾರ್ಮುಲಾ ಒನ್ ಕಾರು ತಿರುವಿನಲ್ಲಿ ಜಾರದೆ ನಿಲ್ಲುವುದೇ ಗಾಳಿಯ ಬಲದಿಂದ. ವಿಂಗ್‌ಗಳ, ಅಂದರೆ ಕಾರಿನ ಹಿಂದೆ ಮುಂದೆ ಇರುವ ರೆಕ್ಕೆಗಳ ಮೇಲೆ, ಕಾರಿನ ತಳದ ಕೆಳಗೆ ಹರಿಯುವ ಗಾಳಿ ಅದನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಅದೇ ಡೌನ್‌ಫೋರ್ಸ್. ಮುಂದಿರುವ ಕಾರಿಗೆ ನಿರ್ಮಲ ಗಾಳಿ ಸಿಗುತ್ತದೆ. ಹಿಂದಿರುವವನಿಗೆ ಸಿಗುವುದು ಸುಳಿಸುಳಿಯಾಗಿ ಎದ್ದ ಗಾಳಿ. ವೇಗದ ತಿರುವಿನ ನಡುವೆ ಅವನ ಮುಂಚಕ್ರಗಳ ಹಿಡಿತ ತಪ್ಪುತ್ತದೆ, ಕಾರು ಹೊರಕ್ಕೆ ಜಾರುತ್ತದೆ, ಟೈರ್ ಜಾಸ್ತಿ ಬಿಸಿಯಾಗುತ್ತದೆ. ಹಾಗಾಗಿ ಅವನೇ ಸ್ವಲ್ಪ ಹಿಂದೆ ಸರಿಯುತ್ತಾನೆ. ಮುಂದೆ ನೇರ ರಸ್ತೆ ಬಂದಾಗ ಸ್ಲಿಪ್‌ಸ್ಟ್ರೀಮ್, ಅಂದರೆ ಮುಂದಿನ ಕಾರಿನ ಬೆನ್ನ ಹಿಂದೆ ಗಾಳಿಯ ತಡೆ ಕಡಿಮೆ ಇರುವ ಜಾಗ, ಸಹಾಯ ಮಾಡುತ್ತದೆ, ಆದರೆ ಅಷ್ಟರಲ್ಲಿ ಅಂತರ ಬೆಳೆದಿರುತ್ತದೆ.

ಅದಕ್ಕೇ "ಈಗಿನ ಡ್ರೈವರ್‌ಗಳಿಗೆ ಗುಂಡಿಗೆ ಇಲ್ಲ" ಎಂಬ ಮಾತು ಕೇಳಿದರೆ ನನಗೆ ಬೇಜಾರಾಗುತ್ತದೆ. 1979ರಲ್ಲಿ ಡಿಜೋನ್‌ನಲ್ಲಿ ಜಿಲ್ ವಿಲ್‌ನವ್ ಮತ್ತು ರೆನೆ ಆರ್ನೂ ಎರಡನೇ ಸ್ಥಾನಕ್ಕಾಗಿ ಚಕ್ರಕ್ಕೆ ಚಕ್ರ ತಾಗಿಸಿಕೊಂಡು ಹೋರಾಡಿದ್ದು ಅದ್ಭುತವೇ. ಆದರೆ ಆ ಕಾರುಗಳು ಚಿಕ್ಕವು, ಹಗುರ. ಬ್ರೇಕ್ ಹಿಡಿಯಲು ಉದ್ದದ ಜಾಗ ಬೇಕಿತ್ತು, ಹಾಗಾಗಿ ಒಬ್ಬನಿಗಿಂತ ಇನ್ನೊಬ್ಬ ತಡವಾಗಿ ಬ್ರೇಕ್ ಹಾಕಿ ಒಳಗೆ ನುಗ್ಗಲು ಅವಕಾಶವಿತ್ತು. ಈಗ ಕಾರ್ಬನ್ ಬ್ರೇಕ್‌ಗಳು. 300 ಕಿ.ಮೀ. ವೇಗದಿಂದ ತಿರುವಿಗೆ ಇಳಿಯಲು ನೂರು ಮೀಟರ್ ಆಸುಪಾಸು ಸಾಕು. ಇಷ್ಟರಲ್ಲಿ ಎಷ್ಟು ತಡ ಮಾಡೋಕಾಗುತ್ತೆ ಹೇಳಿ?

ನಿಯಮ ಬರೆಯುವವರಿಗೆ ಇದು ಗೊತ್ತಿಲ್ಲದೆ ಏನಿಲ್ಲ. ಓವರ್‌ಟೇಕ್ ಸುಲಭವಾಗಲಿ ಅಂತಲೇ 2009ರಲ್ಲಿ ಕಾರಿನ ರೂಪವನ್ನೇ ಬದಲಿಸಿದರು. ಮುಂದಿನ ವಿಂಗ್ ಅಗಲವಾಯಿತು, ಹಿಂದಿನದು ಕಿರಿದಾಗಿ ಎತ್ತರವಾಯಿತು, ಮೈತುಂಬಾ ಇದ್ದ ಪುಟ್ಟ ರೆಕ್ಕೆಗಳು ಹೋದವು. ಆದರೆ ಸೀಸನ್ ಶುರುವಾಗುವಾಗಲೇ ಬ್ರಾನ್, ಟೊಯೊಟಾ, ವಿಲಿಯಮ್ಸ್ ತಂಡಗಳು ನಿಯಮದ ಸಂದಿಯಲ್ಲಿ ಡಬಲ್ ಡಿಫ್ಯೂಸರ್, ಅಂದರೆ ತಳದ ಗಾಳಿ ಹಿಂತುದಿಯಿಂದ ಹೊರಹೋಗುವ ಎರಡು ಅಂತಸ್ತಿನ ದಾರಿ, ಕಂಡುಕೊಂಡಿದ್ದವು. ಅದು ಸರಿ ಅಂತ ತೀರ್ಪೂ ಬಂತು. ಉಳಿದವರೂ ಅದನ್ನೇ ಹಾಕಿದರು. ಕಡಿಮೆ ಮಾಡಿದ್ದ ಡೌನ್‌ಫೋರ್ಸ್‌ನಲ್ಲಿ ಒಳ್ಳೇ ಪಾಲು ಮರಳಿ ಬಂತು. ಅಬುಧಾಬಿಯ ಆ ರೇಸ್ ನಡೆದದ್ದು ಇದಾದ ಮರುವರ್ಷ.

ನಂತರ 2011ರಲ್ಲಿ ಡಿಆರ್‌ಎಸ್ ಬಂತು. ಮುಂದಿನ ಕಾರಿನಿಂದ ಒಂದು ಸೆಕೆಂಡ್ ಒಳಗಿದ್ದರೆ ತನ್ನ ಹಿಂದಿನ ವಿಂಗ್ ತೆರೆದು, ಗಾಳಿಯ ತಡೆ ತಗ್ಗಿಸಿ, ಹೆಚ್ಚು ವೇಗ ಪಡೆಯಬಹುದಿತ್ತು. ಓವರ್‌ಟೇಕ್‌ಗಳ ಸಂಖ್ಯೆ ಏರಿತು. ನನಗೆ ಅದು ಎಂದೂ ಹಿಡಿಸಲಿಲ್ಲ. ಬ್ರೇಕ್ ಜಾಗ ಬರುವ ಮೊದಲೇ ಪಕ್ಕದಿಂದ ಹಾದುಹೋಗುವುದು, ಮುಂದಿನವನು ಏನೂ ಮಾಡಲಾಗದೆ ನೋಡುವುದು. ತಿರುವಿನಲ್ಲಿ ಕಿತ್ತುಕೊಂಡದ್ದನ್ನು ನೇರ ರಸ್ತೆಯಲ್ಲಿ ವಾಪಸ್ ಕೊಟ್ಟ ಹಾಗೆ.

2017ರಲ್ಲಂತೂ ಕಾರುಗಳನ್ನು ವೇಗವಾಗಿಸಲು ಎರಡು ಮೀಟರ್ ಅಗಲ ಮಾಡಿ ಡೌನ್‌ಫೋರ್ಸ್ ಜಾಸ್ತಿ ಮಾಡಿದರು. ಸುತ್ತಿನ ದಾಖಲೆಗಳು ಮುರಿದವು, ಹಿಂದಿಕ್ಕುವುದು ಇನ್ನೂ ಕಷ್ಟವಾಯಿತು.

ನನ್ನ ಮಟ್ಟಿಗೆ ನಿಜವಾದ ಹೆಜ್ಜೆ 2022ರದ್ದು. ಡೌನ್‌ಫೋರ್ಸ್‌ನ ದೊಡ್ಡ ಪಾಲು ತಳದ ಸುರಂಗಗಳಿಂದ ಬರುವಂತೆ ಮಾಡಿ, ಕಲಕಿದ ಗಾಳಿಯನ್ನು ಹಿಂದಿನ ಕಾರಿನ ತಲೆಯ ಮೇಲಿಂದ ದಾಟಿಸುವ ಹಾಗೆ ವಿಂಗ್ ರೂಪಿಸಿದರು. ಹಳೆಯ ಕಾರು 10 ಮೀಟರ್ ಹಿಂದಿದ್ದರೆ 46% ಡೌನ್‌ಫೋರ್ಸ್ ಕಳೆದುಕೊಳ್ಳುತ್ತಿತ್ತು, ಹೊಸದು 18% ಮಾತ್ರ ಎಂಬುದು ಫಾರ್ಮುಲಾ ಒನ್ ಸ್ವತಃ ಕೊಟ್ಟ ಲೆಕ್ಕ. ಆ ವರ್ಷ ಸುತ್ತುಗಟ್ಟಲೆ ಬೆನ್ನಿಗಂಟಿಕೊಂಡು ಓಡುವುದನ್ನು ನೋಡಿ ನಾನು ಎಷ್ಟು ಖುಷಿಪಟ್ಟೆ! ಆದರೆ ವರ್ಷ ಕಳೆದಂತೆ ತಂಡಗಳು ಗಾಳಿಯನ್ನು ಮತ್ತೆ ಪಕ್ಕಕ್ಕೆ ತಳ್ಳುವ ದಾರಿ ಹುಡುಕಿದವು. ಹಿಂಬಾಲಿಸುವುದು ಮತ್ತೆ ಕಷ್ಟವಾಯಿತು. ಇಂಜಿನಿಯರ್‌ಗಳನ್ನು ದೂರಲಾರೆ. ತನ್ನ ಕಾರನ್ನು ಗೆಲ್ಲಿಸುವುದು ಅವರ ಕೆಲಸ. ಹಿಂದೆ ಬರುವವನ ಗಾಳಿ ಕೆಟ್ಟರೆ ಅವರಿಗೆ ಲಾಭವೇ. ಹಾಗಾಗಿ ಆ ಗಾಳಿಯನ್ನು ಕಾಯಬೇಕಾದದ್ದು ನಿಯಮ ಮಾತ್ರ.

ನನ್ನ ಆಸೆ ಇಷ್ಟೇ. ಭಾಗಗಳ ಉದ್ದಗಲ ಅಳೆಯುವ ಹಾಗೆ, ಕಾರು ಹಿಂದೆ ಬಿಡುವ ಗಾಳಿಗೂ ಒಂದು ಮಿತಿ ಇಡಿ. ಅದನ್ನು ಪ್ರತಿ ವರ್ಷ ಪರೀಕ್ಷಿಸಿ. ಮಿತಿ ದಾಟಿಸುವ ಭಾಗ ಯಾವ ತಂಡದ್ದಾದರೂ ಮುಂದಿನ ಸೀಸನ್‌ಗೆ ಇರಬಾರದು. ನಾಲ್ಕೈದು ವರ್ಷ ಕಾದು ಇಡೀ ನಿಯಮ ಪುಸ್ತಕ ತಿರುಗಿ ಬರೆಯುವುದಕ್ಕಿಂತ ಇದು ಮೇಲಲ್ವಾ?

ಗಾತ್ರದ ಮಾತು ಬೇರೆ. 2024ರ ಮೊನಾಕೊದಲ್ಲಿ ಮೊದಲ ಹತ್ತು ಮಂದಿ ಶುರುಮಾಡಿದ ಕ್ರಮದಲ್ಲೇ ಮುಗಿಸಿದರು. ಆ ಇಕ್ಕಟ್ಟಿನ ರಸ್ತೆಯಲ್ಲಿ ಐದು ಮೀಟರ್‌ಗೂ ಉದ್ದದ ಕಾರು ಎಲ್ಲಿಂದ ನುಗ್ಗಬೇಕು? ಮರುವರ್ಷ ಅಲ್ಲಿ ಎರಡು ಬಾರಿ ಟೈರ್ ಬದಲಿಸುವುದು ಕಡ್ಡಾಯ ಅಂದರು. ಕೆಲವು ತಂಡಗಳು ತಮ್ಮ ಒಬ್ಬನನ್ನು ಬೇಕಂತಲೇ ನಿಧಾನ ಓಡಿಸಿ ಇನ್ನೊಬ್ಬನಿಗೆ ಟೈರ್ ಬದಲಿಸಿ ಬರಲು ಜಾಗ ಮಾಡಿಕೊಟ್ಟವು.

2026ರ ನಿಯಮದಲ್ಲಿ ಕಾರಿನ ಅಗಲ 190 ಸೆಂ.ಮೀ.ಗೆ ಇಳಿದಿದೆ, ಮುಂಚಕ್ರ ಹಿಂಚಕ್ರಗಳ ನಡುವಿನ ಅಂತರ 340 ಸೆಂ.ಮೀ.ಗೆ. ಡಿಆರ್‌ಎಸ್ ಹೋಗಿದೆ. ಚಲಿಸುವ ವಿಂಗ್ ಎಲ್ಲರಿಗೂ ಇದೆ. ಒಂದು ಸೆಕೆಂಡ್ ಒಳಗೆ ಹಿಂಬಾಲಿಸುವವನಿಗೆ ಹೆಚ್ಚುವರಿ ವಿದ್ಯುತ್ ಶಕ್ತಿ. ಇದು ಮತ್ತೆ ನೇರ ರಸ್ತೆಯ ಕೊಡುಗೆಯೇ ಎಂಬ ಅಳುಕು ನನಗಿದೆ. ಚಿಕ್ಕದಾದದ್ದಕ್ಕೆ ಮಾತ್ರ ಮನಸಾರೆ ಸಂತೋಷ. ಈ ಕಾರುಗಳನ್ನು ಅಳೆಯಲು ನನ್ನ ಕಣ್ಣು ಇರುವುದು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಟ್ರ್ಯಾಕಿನ ಮ್ಯಾಗಟ್ಸ್, ಬೆಕೆಟ್ಸ್ ಎಂಬ ವೇಗದ ತಿರುವುಗಳ ಮೇಲೆ. ಅಲ್ಲಿ ಎಡಬಲ ವಾಲುತ್ತಾ ಹೋಗುವಾಗ ಹಿಂದಿನ ಕಾರು ಅಂತರ ಬಿಡದೆ ಅಂಟಿಕೊಂಡಿದೆಯಾ ಅಂತ ನೋಡುತ್ತೇನೆ.