ದಯವಿಟ್ಟು ವಾಲ್ಯೂಮ್ ಜಾಸ್ತಿ ಮಾಡಬೇಡಿ

ಜಾರ್ಜಿಯಾ ದೇಶದ ಸಂಗೀತ ರಚನಕಾರ ಗಿಯಾ ಕಾಂಚೆಲಿ ಅವರ ಐದನೇ ಸಿಂಫನಿ, ಅಂದರೆ ಇಡೀ ಆರ್ಕೆಸ್ಟ್ರಾಗೆ ಬರೆದ ದೊಡ್ಡ ಕೃತಿ, ಶುರುವಾಗುವುದು ಪಿಯಾನೋ ಥರದ ಹಳೆಯ ವಾದ್ಯ ಹಾರ್ಪ್ಸಿಕಾರ್ಡ್ ಒಂದರಿಂದಲೇ. ಮಗುವೊಂದು ತನ್ನಷ್ಟಕ್ಕೆ ಗುನುಗುವಂಥ ಸಣ್ಣ ರಾಗ. ಸರಿಯಾಗಿ ಕೇಳಿಸಲಿಲ್ಲ ಅಂತ ಮೊದಲ ಸಲ ನಾನು ವಾಲ್ಯೂಮ್ ಏರಿಸಿದ್ದೆ. ಸ್ವಲ್ಪ ಹೊತ್ತಿಗೇ ಇಡೀ ಆರ್ಕೆಸ್ಟ್ರಾ ಮೇಲೆ ಬಿದ್ದಂತೆ ಅಬ್ಬರಿಸಿತು. ಎದೆ ಧಸಕ್ಕೆಂದಿತು. ಆಮೇಲೆ ಮತ್ತೆ ಅದೇ ಪುಟ್ಟ ರಾಗ, ಏನೂ ಆಗಿಲ್ಲ ಅನ್ನುವ ಹಾಗೆ. ಈ ಸಿಂಫನಿಯನ್ನು ಅವರು ತಮ್ಮ ತಂದೆ-ತಾಯಿಯ ನೆನಪಿಗೆ ಬರೆದರು ಅಂತ ನಂತರ ಗೊತ್ತಾಯಿತು. ಅವತ್ತಿನಿಂದ ಆ ಅಬ್ಬರ ನನಗೆ ಸುಮ್ನೆ ಸದ್ದು ಅನಿಸಿಲ್ಲ.

ಕಾಂಚೆಲಿ ಹುಟ್ಟಿದ್ದು 1935ರಲ್ಲಿ, ಜಾರ್ಜಿಯಾದ ಟಿಬಿಲಿಸಿಯಲ್ಲಿ. ಮೊದಲು ಭೂವಿಜ್ಞಾನ ಓದಲು ಹೋದವರು, ಅದನ್ನು ಬಿಟ್ಟು ಸಂಗೀತಕ್ಕೆ ಬಂದರು. ಒಟ್ಟು ಏಳು ಸಿಂಫನಿ ಬರೆದರು. ಆದರೆ ಆ ಕಡೆಯ ಜನರಿಗೆ ಅವರು ಹೆಚ್ಚು ಗೊತ್ತಿರುವುದು ಸಿನಿಮಾದಿಂದ. 1977ರ ಸೋವಿಯತ್ ಚಿತ್ರ 'ಮಿಮಿನೋ'ದ 'ಚಿತೋ ಗ್ವ್ರಿತೋ' ಹಾಡು ಅವರದೇ. ಸಿನಿಮಾ ಹಾಡನ್ನು ಹಗುರ ಕೆಲಸ ಅಂತ ಪಕ್ಕಕ್ಕಿಟ್ಟು, ಸಿಂಫನಿಗಳನ್ನಷ್ಟೇ ಹೊಗಳುವವರಿದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ಎರಡರಲ್ಲೂ ಇರುವುದು ಒಂದೇ ಕೈ. ನಾಲ್ಕೈದು ಸ್ವರದಲ್ಲಿ ಮನಸ್ಸಿಗೆ ನಾಟುವ ರಾಗ ಕಟ್ಟಬಲ್ಲವರು ಮಾತ್ರ ಅಂಥದ್ದೊಂದು ರಾಗವನ್ನು ಅಷ್ಟು ದೊಡ್ಡ ಮೌನದ ನಡುವೆ ಒಂಟಿಯಾಗಿ ನಿಲ್ಲಿಸಬಲ್ಲರು, ಅಲ್ವಾ?

ಇನ್ನೊಂದು ಮಾತು. ಟಿಬಿಲಿಸಿಯ ರುಸ್ತಾವೆಲಿ ಥಿಯೇಟರ್‌ನಲ್ಲಿ ಅವರು ಸುಮಾರು ಎರಡು ದಶಕ ಸಂಗೀತ ನಿರ್ದೇಶಕರಾಗಿದ್ದರು. ನಿರ್ದೇಶಕ ರಾಬರ್ಟ್ ಸ್ತುರುವಾ ಅವರ ನಾಟಕಗಳಿಗೆ ಸಂಗೀತ ಕೊಟ್ಟರು. ರಂಗದ ಮೇಲೆ ನಟ ಮಾತಾಡುವಾಗ ಸಂಗೀತ ಕಾಯಬೇಕು, ಸರಿಯಾದ ಹೊತ್ತಿಗೆ ಒಂದೇ ಏಟಿಗೆ ಒಳಗೆ ಬರಬೇಕು. ಅವರ ಸಿಂಫನಿಗಳಲ್ಲಿ ನನಗೆ ಕೇಳಿಸುವುದು ಈ ಕಾಯುವಿಕೆಯೇ. ಅಲ್ಲಿ ಮೌನ ಅಂದರೆ ಖಾಲಿ ಜಾಗವಲ್ಲ, ಯಾರೋ ಉಸಿರು ಬಿಗಿಹಿಡಿದು ನಿಂತ ಹಾಗೆ.

1991ರಲ್ಲಿ ಅವರು ಬರ್ಲಿನ್‌ಗೆ ಹೋದರು. ಆ ವರ್ಷದ ಕೊನೆಗೆ ಟಿಬಿಲಿಸಿಯ ನಡುಬೀದಿಯಲ್ಲೇ ಗುಂಡಿನ ಕಾಳಗ ಶುರುವಾಯಿತು. ಮುಂದೆ ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ನೆಲೆಸಿದರು. ಆ ಕಾಲದ ಒಂದು ಕೃತಿಗೆ ಲ್ಯಾಟಿನ್‌ನಲ್ಲಿ ಅವರು ಇಟ್ಟ ಹೆಸರಿನ ಅರ್ಥ 'ನೋಡಬಾರದೆಂದು ಮುಖ ತಿರುಗಿಸಿದೆ'. ಊರು ಬಿಟ್ಟು ಬಂದವರ ಸಂಕಟ ಅಷ್ಟರಲ್ಲೇ ಇದೆ. ಆದರೆ ಸಂಗೀತ ಕೇಳಿದರೆ ಗೊತ್ತಾಗುತ್ತದೆ, ಅವರ ಕಣ್ಣು ಕೊನೆಗೂ ಅತ್ತಲೇ ಇತ್ತು.

ಅವರದು ಒಂದನ್ನಷ್ಟೇ ಕೇಳುತ್ತೇನೆ ಅನ್ನುವವರಿಗೆ ನಾನು ಹೇಳುವುದು 1999ರ 'ಸ್ಟಿಕ್ಸ್'. ಗ್ರೀಕರ ನಂಬಿಕೆಯಲ್ಲಿ ಸ್ಟಿಕ್ಸ್ ಅಂದರೆ ಬದುಕಿದ್ದವರಿಗೂ ಸತ್ತವರಿಗೂ ನಡುವೆ ಹರಿಯುವ ನದಿ. ವಯೋಲಾ, ಕೋರಸ್ ಮತ್ತು ಆರ್ಕೆಸ್ಟ್ರಾಗಾಗಿ ಬರೆದದ್ದು. ವಯೋಲಾ ನುಡಿಸಿದ್ದು ಯೂರಿ ಬಾಷ್ಮೆಟ್. ಪಿಟೀಲಿನ ಹೊಳಪಾಗಲಿ ಚೆಲ್ಲೋದ ಆಳವಾಗಲಿ ಇಲ್ಲದೆ ನಡುವೆ ನಿಲ್ಲುವ ವಾದ್ಯ ಅದು. ಎರಡು ದಡದ ನಡುವೆ ಓಡಾಡಲು ಬೇರೆ ಯಾವ ದನಿ ಬೇಕು? ಕೋರಸ್ ಯಾವ ಕಥೆಯನ್ನೂ ಹೇಳುವುದಿಲ್ಲ. ಜಾರ್ಜಿಯಾದ ಹಳೆಯ ಚರ್ಚುಗಳ ಹೆಸರು, ಜಾನಪದ ಹಾಡುಗಳ ಬಿಡಿ ಪದಗಳು ಬರುತ್ತವೆ. ಅವುಗಳ ಜೊತೆ ಅಷ್ಟರಲ್ಲಿ ತೀರಿಕೊಂಡಿದ್ದ ಇಬ್ಬರು ಗೆಳೆಯರ ಹೆಸರು. ಇಬ್ಬರೂ ಸಂಗೀತ ರಚನಕಾರರು, ಅವೆತ್ ತೆರ್ತೆರ್ಯಾನ್ ಮತ್ತು ಆಲ್ಫ್ರೆಡ್ ಶ್ನಿಟ್ಕೆ. ನದಿಯ ಈ ದಡದಲ್ಲಿ ನಿಂತು ಅವರನ್ನು ಹೆಸರು ಹಿಡಿದು ಕೂಗುತ್ತಾರೆ.

2019ರ ಅಕ್ಟೋಬರ್ 2ರಂದು ಕಾಂಚೆಲಿ ಟಿಬಿಲಿಸಿಯಲ್ಲೇ ತೀರಿಕೊಂಡರು.